ಒಂದು ತಟ್ಟಿದರೆ ಬೆವರು, ಎರಡು ತಟ್ಟಿದರೆ ಅಳು

ಮೇಜಿನ ಮೇಲಿದ್ದ ಹೆಡ್‌ಲೈಟು ತನ್ನನ್ನೇ ನೋಡುತ್ತಿದೆ ಅನ್ನಿಸಿ ಅವನು ಅದನ್ನು ಗೋಡೆಯ ಕಡೆ ತಿರುಗಿಸಿಟ್ಟ. ತಿರುಗಿಸಿದ ಮೇಲೆ ತನಗೇ ನಾಚಿಕೆಯಾಗಿ ಮತ್ತೆ ಮೊದಲಿನ ಹಾಗೆ ಇಟ್ಟ. ಕಾರಿನಿಂದ ಕಿತ್ತ ದೀಪ, ಹಿಂದುಗಡೆ ವೈರುಗಳು ಜೋತು ಬಿದ್ದಿವೆ, ನೋಡುವುದಕ್ಕೆ ಅದಕ್ಕೇನಿದೆ. ಗಾಜಿನ ಒಳಮೈಯಲ್ಲಿ, ಮೇಲ್ಭಾಗಕ್ಕೆ, ಯಾರೋ ಒಳಗೆ ಕೂತು ಉಸಿರು ಬಿಟ್ಟ ಹಾಗೆ ಮಂಜು ಹಿಡಿದಿತ್ತು. ಕೆಳಮೂಲೆಯಲ್ಲಿ ಒಂದು ಚಮಚೆಯಷ್ಟು ನೀರು ನಿಂತು, ದೀಪ ಅಲುಗಿದಾಗಲೆಲ್ಲ ಆ ತುದಿಯಿಂದ ಈ ತುದಿಗೆ ಸರಿದು, ಮತ್ತೆ ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು. ನಿನ್ನೆ ಸಂಜೆ ಶೋರೂಮಿನ ಮ್ಯಾನೇಜರು ತಾವೇ ಇದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ತಂದು, ಕೂಸನ್ನು ಒಪ್ಪಿಸುವ ಹಾಗೆ ಅವನ ಕೈಗೆ ಕೊಟ್ಟಿದ್ದರು. "ನಾಳೆ ಊಟ ಆದ್ಮೇಲೆ ಬರ್ತೀನಿ ಡಾಕ್ಟ್ರೇ. ಒಣಗಿಸಿ ಇಟ್ಟಿರಿ. ಗೋಡೆ ಮೇಲೆ ಬೆಳಕು ಬಿಟ್ಟು ನೋಡೋಣ. ಆಮೇಲೆ ನಮ್ಮ ಮಾತು." ಆ ಮಾತು ಏನೆಂದು ಅವನಿಗೆ ಗೊತ್ತಿತ್ತು. ಶೋರೂಮಿನಲ್ಲಿ ದೀಪದ ಕೆಲಸಕ್ಕೇ ಒಂದು ಬೇರೆ ವಿಭಾಗ ತೆರೆಯುತ್ತಿದ್ದರು. ಅದನ್ನು ನೋಡಿಕೊಳ್ಳಲು ಒಬ್ಬ ಬೇಕಾಗಿತ್ತು. ಆ ಒಬ್ಬ ಇವನೇ ಎಂದು ಅವರು ಹೆಚ್ಚುಕಡಿಮೆ ತೀರ್ಮಾನಿಸಿಯಾಗಿತ್ತು. ಗಾಜಿನ ಕೋಣೆ, ತಿರುಗುವ ಕುರ್ಚಿ, ಜೇಬಿನ ಮೇಲೆ ಕಂಪನಿಯ ಗುರುತು ಹೊಲಿದ ಅಂಗಿ. ರಾತ್ರಿ ಆ ಅಂಗಿಯ ಬಣ್ಣ ಯಾವುದಿರಬಹುದು ಎಂದು ಯೋಚಿಸುತ್ತಲೇ ಅವನು ನಿದ್ದೆ ಹೋಗಿದ್ದ. ಬೆಳಿಗ್ಗೆ ಎದ್ದಾಗ ಬಣ್ಣ ನೆನಪಿರಲಿಲ್ಲ, ಹೆದರಿಕೆ ಮಾತ್ರ ಇತ್ತು. ಯಾಕೆಂದರೆ ಅವನಿಗೆ ಹೆಡ್‌ಲೈಟು ಬಿಚ್ಚಲು ಬರುತ್ತಿರಲಿಲ್ಲ.

ಬಿಚ್ಚುವವಳು ಅವನ ಹೆಂಡತಿ. ಅಂಗಡಿಯ ಮಧ್ಯೆ ಒಂದು ದಪ್ಪ ಪ್ಲಾಸ್ಟಿಕ್ ಪರದೆ ಇತ್ತು. ಪರದೆಯ ಈಚೆ ಕೌಂಟರು, ಎರಡು ಕುರ್ಚಿ, ಅವನು. ಆಚೆ ಓವನ್ನು, ಕಬ್ಬಿಣದ ಮೇಜು, ಅವಳು. ಗಿರಾಕಿ ಬಂದು ದೀಪದೊಳಗೆ ನೀರು ಎಂದ ಕೂಡಲೆ ಅವನು ಹೊರಗೆ ಹೋಗಿ, ಬಗ್ಗಿ, ಟಾರ್ಚು ಬಿಟ್ಟು ನೋಡುತ್ತಿದ್ದ. ನೋಡಿದ್ದೆಲ್ಲ ಜೋರಾಗಿ ಹೇಳುತ್ತಿದ್ದ. "ಅಂದ್ರೆ ಮಂಜು ಮೇಲ್ಗಡೆ ಮಾತ್ರ ಅಂತೀರಿ? ಕೆಳಗೆ ನೀರು ನಿಂತಿಲ್ಲ? ಬಿಸಿಲೇರಿದ ಮೇಲೆ ಹೋಗ್ಬಿಡುತ್ತೆ?" ಗಿರಾಕಿಗೆ ಕಿವಿ ಮಂದ ಇದ್ದಂತೆ ಒಂದೊಂದನ್ನೂ ತಿರುಗಿಸಿ ಹೇಳುತ್ತಿದ್ದ. ಆಮೇಲೆ ಗಲ್ಲದ ಮೇಲೆ ಬೆರಳಿಟ್ಟು ಯೋಚಿಸುವವನ ಹಾಗೆ ನಿಲ್ಲುತ್ತಿದ್ದ. ಆಗ ಪರದೆಯ ಆಚೆಯಿಂದ, ಅವಳು ಅಂಟು ಕೆರೆಯುವ ಕಬ್ಬಿಣದ ಪಟ್ಟಿಯಿಂದ ಮೇಜಿನ ಕಾಲಿಗೆ ತಟ್ಟುವ ಸದ್ದು ಬರುತ್ತಿತ್ತು. ಒಂದು ತಟ್ಟಿದರೆ ಬೆವರು: ದೀಪ ಸರಿಯಾಗಿದೆ, ಒಳಗೂ ಹೊರಗೂ ಇರುವ ಬಿಸಿ ತಣಿವಿನ ವ್ಯತ್ಯಾಸಕ್ಕೆ ಮಂಜು ಹಿಡಿದಿದೆ, ತಾನಾಗಿ ಹೋಗುತ್ತದೆ, ಕಳಿಸಿಬಿಡಿ. ಎರಡು ತಟ್ಟಿದರೆ ಅಳು: ಎಲ್ಲೋ ಬಾಯಿ ಬಿಟ್ಟಿದೆ, ಹೊರಗಿನ ನೀರು ಒಳಗೆ ಬಂದಿದೆ, ಬಿಚ್ಚಬೇಕು, ಇಟ್ಟುಕೊಳ್ಳಿ. ಬೆವರು, ಅಳು ಎರಡೂ ಅವಳದೇ ಮಾತು. ಸದ್ದು ಕೇಳಿದ ಮೇಲೆ ಅವನು ಗಲ್ಲದಿಂದ ಬೆರಳು ತೆಗೆದು ತೀರ್ಪು ಕೊಡುತ್ತಿದ್ದ. ಒಮ್ಮೆಯೂ ತಪ್ಪಾದದ್ದಿಲ್ಲ. ಗಿರಾಕಿಗಳು ಅವನನ್ನು ದೀಪದ ಡಾಕ್ಟರು ಎಂದರು. ಬೋರ್ಡು ಬರೆಯುವವನು ಕೇಳದೆಯೇ ಅದನ್ನು ಬೋರ್ಡಿನ ಮೇಲೂ ಬರೆದ.

ಈ ಏರ್ಪಾಡನ್ನು ಯಾರೂ ಕೂತು ಮಾಡಿದ್ದಲ್ಲ. ಅಂಗಡಿ ಹೊಸದಾಗಿದ್ದಾಗ ಪರದೆ ಇರಲಿಲ್ಲ. ಒಬ್ಬ ಗಿರಾಕಿ, ತನ್ನ ಕಾರಿನ ಮುಂದೆ ಮಂಡಿಯೂರಿ ಬಂಪರಿನ ಸ್ಕ್ರೂ ಬಿಚ್ಚುತ್ತಿದ್ದ ಅವಳನ್ನು ನೋಡಿ, "ಗಂಡಸ್ರು ಯಾರೂ ಇಲ್ವೇನಮ್ಮಾ?" ಎಂದ. ಕೌಂಟರಿನಲ್ಲಿದ್ದ ಇವನು ಎದ್ದು ಬಂದು ನಗುತ್ತಾ, "ಯಾಕಿಲ್ಲ ಸರ್, ನಾನಿದೀನಲ್ಲ. ಬಿಚ್ಚೋದೆಲ್ಲ ನಾನೇ. ಇವಳು ಒರೆಸ್ತಾಳೆ ಅಷ್ಟೇ" ಎಂದುಬಿಟ್ಟ. ಗಿರಾಕಿ ಹೋಗಬಾರದು ಎಂದು ಬಾಯಿಗೆ ಬಂದ ಮಾತು. ಅವಳು ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟು ಒಳಗೆ ಹೋದಳು. ಅವತ್ತಿಡೀ ಅವನು ಕಾದ, ಅವಳು ಬೈಯುತ್ತಾಳೆ, ಇಲ್ಲ ಅಳುತ್ತಾಳೆ ಎಂದು. ಅಂಗಡಿ ಮುಚ್ಚುವಾಗ ಅವಳು ಹೇಳಿದ್ದು ಒಂದೇ. "ಏನು ಬೇಕಾದ್ರೂ ಹೇಳ್ಕೊಳ್ಳಿ. ಒರೆಸ್ತಾಳೆ ಅಂತ ಮಾತ್ರ ಹೇಳ್ಬೇಡಿ. ಒಳಗೆ ಯಾರೂ ಒರೆಸಲ್ಲ." ಅವನು ಅರ್ಥವಾಗದೆ ಅವಳ ಮುಖ ನೋಡಿದ. ದೀಪದೊಳಗೆ ಬಲ್ಬಿನ ಹಿಂದೆ ಕನ್ನಡಿಯ ಹಾಗೆ ಹೊಳೆಯುವ ಬಟ್ಟಲಿರುತ್ತದಲ್ಲ, ಅದನ್ನು ಅವಳು ಬೆಳ್ಳಿ ಎನ್ನುತ್ತಿದ್ದಳು. ಉಸಿರಿಗಿಂತ ತೆಳುವಾದ ಲೇಪ ಅದು. ಬಟ್ಟೆ ತಾಕಿದರೂ ಹೋಯಿತು, ಬೆರಳು ತಾಕಿದರೂ ಹೋಯಿತು, ಮತ್ತೆ ಬರುವುದಿಲ್ಲ. ಒಣಗಿಸಬೇಕು, ಕಾಯಬೇಕು, ಗಾಳಿ ಬಿಡಬೇಕು, ಒರೆಸಬಾರದು. ತನ್ನನ್ನು ಹೆಂಗಸು ಎಂದು ಹೊರಗಿಟ್ಟದ್ದು ಅವಳಿಗೆ ಅಷ್ಟು ನಾಟಲಿಲ್ಲ, ಕೆಲಸವನ್ನು ತಪ್ಪಾಗಿ ಹೇಳಿದ್ದು ನಾಟಿತು. ಹಾಗೆಂದು ಅವನು ಆಗ ತಿಳಿದುಕೊಂಡ. ಹಾಗೆ ತಿಳಿದುಕೊಳ್ಳುವುದು ಅನುಕೂಲವೂ ಆಗಿತ್ತು. ಮಾರನೆಯ ವಾರ ಅವಳೇ ಪರದೆ ತಂದು ಕಟ್ಟಿದಳು. ಧೂಳು ಬರುತ್ತೆ ಎಂದಳು. ರಸ್ತೆಯ ಧೂಳು ಬರುತ್ತಿದ್ದದ್ದು ನಿಜ. ಆದರೆ ಅದು ಮೊದಲೂ ಬರುತ್ತಿತ್ತು.

ಇವತ್ತು ಬೆಳಿಗ್ಗೆ, ಅರ್ಧಕ್ಕೆ ಎತ್ತಿದ್ದ ಶಟರನ್ನು ಪೂರ್ತಿ ಎತ್ತುವಾಗ ಪಕ್ಕದ ಅಂಗಡಿಯ ಟೈರಿನವನು ಟ್ಯೂಬನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾ ಕೂತಿದ್ದ. "ಏನ್ ಡಾಕ್ಟ್ರೇ, ದೊಡ್ಡಾಸ್ಪತ್ರೆಗೆ ಹೋಗ್ತೀರಂತೆ?"

"ಇನ್ನೂ ಏನೂ ಆಗಿಲ್ಲ ಮಾರಾಯ."

"ಆಗುತ್ತೆ ಬಿಡಿ. ನಿಮ್ಮ ಬಾಯಿಗೆ ಆಗ್ದೇ ಇರೋದು ಏನಿದೆ." ಅವನು ಟ್ಯೂಬನ್ನು ಹಿಂಡಿದ. "ಒಂದೇ ಯೋಚನೆ ನಂಗೆ. ಕಾಂಪೌಂಡರಮ್ಮನ್ನ ಬಿಟ್ಟು ಡಾಕ್ಟ್ರು ಔಷಧಿ ಹೆಂಗ್ ಬರೀತಾರೆ ಅಂತ."

ಇವನು ನಕ್ಕ. ನಗಬೇಕಾದ್ದಕ್ಕಿಂತ ತುಸು ಹೆಚ್ಚೇ ನಕ್ಕ. ಟೈರಿನವನಿಗೆ ಗೊತ್ತಿದೆಯೋ, ಸುಮ್ಮನೆ ಬಾಯಿಗೆ ಬಂದದ್ದನ್ನು ಅಂದನೋ. ಎರಡು ಅಂಗಡಿಗಳ ನಡುವೆ ಇರುವುದು ಒಂದೇ ಗೋಡೆ. ಇಷ್ಟು ದಿನ ಆ ತಟ್ಟುವ ಸದ್ದನ್ನು ಅವನೂ ಕೇಳಿಸಿಕೊಂಡಿರಬೇಕು. ಕಿವಿಯ ಹಿಂದೆ ಬಿಸಿಯಾಯಿತು. ಶಾಲೆಯಲ್ಲಿ ಹಿಂದಿನ ಬೆಂಚಿನ ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ಉತ್ತರ ಪಿಸುಗುಟ್ಟುತ್ತಿದ್ದ. ಇವನು ಎದ್ದು ನಿಂತು ಗಟ್ಟಿಯಾಗಿ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದ. ಉತ್ತರ ಅವನದು, ದನಿ ಇವನದು. ಮೇಷ್ಟ್ರಿಗೆ ಇವನ ದನಿ ಇಷ್ಟ. ಆ ಹುಡುಗನಿಗೆ ಜ್ವರ ಬಂದ ದಿನ ಇನ್‌ಸ್ಪೆಕ್ಟರು ಬಂದರು. ಮೇಷ್ಟ್ರು ಹೆಮ್ಮೆಯಿಂದ ಇವನನ್ನೇ ಎಬ್ಬಿಸಿದರು. ಇವನು ನಿಂತ. ಹಿಂದಿನ ಬೆಂಚಿನಿಂದ ಗಾಳಿಯ ಸದ್ದೂ ಬರಲಿಲ್ಲ. ಮೇಷ್ಟ್ರು ಬೈಯಲಿಲ್ಲ, ಹೊಡೆಯಲಿಲ್ಲ. "ಕೂತ್ಕೋಪ್ಪ" ಎಂದರು. ಆ 'ಅಪ್ಪ'ದಲ್ಲಿದ್ದ ಕರುಣೆ ಈಗ ಶಟರಿನ ಕೊಕ್ಕೆ ಹಾಕುವಾಗ, ಅಂಗೈಯಲ್ಲಿ ಗ್ರೀಸು ಅಂಟಿಕೊಂಡ ಹಾಗೆ, ತಿರುಗಿ ಅಂಟಿಕೊಂಡಿತು.

ಅವಳು ಒಳಗೆ ಆಗಲೇ ಓವನ್ನು ಹಚ್ಚಿದ್ದಳು. "ಬನ್ನಿ" ಎಂದಳು. ಮೇಜಿನ ಮುಂದಿನ ತನ್ನ ಸ್ಟೂಲನ್ನು ಎಳೆದು ಅವನಿಗೆ ಬಿಟ್ಟಳು.

"ಇವತ್ತೊಂದಿನ ನೀನೇ ಮಾಡ್ಬಿಡೇ. ಅವ್ರು ಬರೋದು ಮುಗಿದ ಮೇಲೆ. ಯಾರು ಮಾಡಿದ್ರು ಅಂತ ಏನು ಗೊತ್ತಾಗುತ್ತೆ."

"ಇವತ್ತು ಗೊತ್ತಾಗಲ್ಲ. ಅಲ್ಲಿ ಹೋದ್ಮೇಲೆ?" ಅವಳು ಕೈಗವಸು ಚಾಚಿದಳು. "ಅಲ್ಲಿ ಪರದೆ ಇರಲ್ಲ ಕಣ್ರೀ. ಇದನ್ನ ನೀವೇ ಬಿಚ್ಚಿ. ನಿಮಗೆ ಬರುತ್ತೆ. ಮಾತು ಕಮ್ಮಿ ಮಾಡಿದ್ರೆ ಬರುತ್ತೆ."

ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವನು ಕೆಲಸದ ವಿಷಯ ತಂದ ರಾತ್ರಿಯೂ ಅವಳು ಹೀಗೇ, ತಟ್ಟೆ ತೊಳೆಯುತ್ತಾ, "ಹೋಗಿ. ನಿಮಗೆ ಅಂಥ ಜಾಗ ಸರಿಹೋಗುತ್ತೆ" ಎಂದಿದ್ದಳು. ಮರುದಿನದಿಂದಲೇ ಕಲಿಸಲು ಶುರು ಮಾಡಿದ್ದಳು. ಅಂಗಡಿ ಮುಚ್ಚಿದ ಮೇಲೆ ಹಳೆಯ ಒಡಕು ದೀಪಗಳನ್ನು ಓವನ್ನಿಗಿಟ್ಟು ಅವನ ಕೈಯಲ್ಲಿ ಬಿಚ್ಚಿಸಿದಳು. ಅವನು ಒಂದರ ಅಂಚು ಮುರಿದ, ಇನ್ನೊಂದರ ಕೊಂಡಿ ಕಿತ್ತ, ಮತ್ತೊಂದನ್ನು ಓವನ್ನಿನಲ್ಲಿ ಮರೆತು ಗಾಜು ಸೊಟ್ಟಗಾಯಿತು. ಅವಳು ಸೊಟ್ಟಗಾದದ್ದನ್ನು ಎತ್ತಿ ಹಿಡಿದು, "ಟೈರಿನವನ ಮುಖ ಇದ್ದ ಹಾಗಿದೆ" ಎಂದು ಪಕ್ಕಕ್ಕಿಟ್ಟಳು. ತಾನು ಒಂದೇ ಸುಳ್ಳಿನಿಂದ ಅವಳನ್ನು ಪರದೆಯ ಹಿಂದೆ ಕೂರಿಸಿದ, ಅವಳು ಆ ಸುಳ್ಳನ್ನು ನಿಜ ಮಾಡಿಕೊಡಲು ತನ್ನ ಸಂಜೆಗಳನ್ನು ಖರ್ಚು ಮಾಡುತ್ತಿದ್ದಾಳೆ. ಇದನ್ನು ಯೋಚಿಸಿದಾಗೆಲ್ಲ ಅವನಿಗೆ ಅವಳ ಮೇಲೆ ಸಿಟ್ಟು ಬರುತ್ತಿತ್ತು. ಆಮೇಲೆ ಅದು ಸಿಟ್ಟಲ್ಲ ಎಂದು ತಿಳಿಯುತ್ತಿತ್ತು.

ದೀಪ ಓವನ್ನಿನಲ್ಲಿ ಬೆಚ್ಚಗಾಗುವವರೆಗೆ ಅವಳು ಅದರ ಪಕ್ಕ ನಿಂತೇ ಇದ್ದಳು. ಗಡಿಯಾರ ನೋಡುವುದಿಲ್ಲ, ಓವನ್ನಿನ ಮುಳ್ಳನ್ನೂ ನೋಡುವುದಿಲ್ಲ. ಬಾಗಿಲ ಸಂದಿಗೆ ಮೂಗು ತಂದು ವಾಸನೆ ನೋಡುತ್ತಾಳೆ. ಕಪ್ಪು ಅಂಟು ಮೆತ್ತಗಾಗುವಾಗ ಒಂದು ವಾಸನೆ, ಗಾಜು ನೋಯುವಾಗ ಇನ್ನೊಂದು. ನೋಯುವಾಗ ಎಂದೇ ಹೇಳುತ್ತಾಳೆ. ಅವನಿಗೆ ಎರಡೂ ಒಂದೇ ವಾಸನೆ. ದೀಪವನ್ನು ಹೊರತೆಗೆದು ಮೇಜಿನ ಮೇಲಿಟ್ಟು, "ಈ ಮೂಲೆಯಿಂದ" ಎಂದು ಪಟ್ಟಿಯ ತುದಿಯನ್ನು ಅಂಚಿನ ಸಂದಿಗೆ ತೋರಿಸಿ ಅವನ ಕೈಗೆ ಕೊಟ್ಟಳು. ಅವನು ಮೀಟಿದ. ಅಂಟು ಎಳೆ ಎಳೆಯಾಗಿ ಜಗ್ಗಿತು. ಗಾಜು ಏಳುವುದೇ ಇಲ್ಲ ಅನ್ನಿಸಿದಾಗ ಅವಳು ಮುಟ್ಟದೆ, ಬರೀ "ಕಾಯಿರಿ" ಎಂದಳು. ಕಾದ. ಗಾಜು ತಾನಾಗಿ ಒಂದು ನಿಟ್ಟುಸಿರು ಬಿಟ್ಟು ಮೇಲೆ ಬಂತು. ಒಳಗಿದ್ದ ನೀರು ಮೇಜಿನ ಮೇಲೆ ಚೆಲ್ಲಿತು. ಯಾವುದೋ ರಸ್ತೆಯ ಯಾವುದೋ ಗುಂಡಿಯ ನೀರು. ಅವಳು ದೀಪದ ಹಿಂಭಾಗ ತಿರುಗಿಸಿ, ಬೆರಳ ತುದಿಯಷ್ಟಿದ್ದ ರಬ್ಬರಿನ ನಳಿಗೆಯನ್ನು ತೋರಿಸಿದಳು. "ನೋಡಿ, ಮೂಗು ಕಟ್ಕೊಂಡಿದೆ. ಯಾರೋ ನೀರು ಬರೋದು ಇಲ್ಲಿಂದ ಅಂದ್ಕೊಂಡು ಅಂಟು ತುಂಬಿದಾರೆ. ನೀರು ಬಂದಿದ್ದು ಮೇಲಿನ ಬಿರುಕಿಂದ. ಮೂಗು ಕಟ್ಟಿದ್ದಕ್ಕೆ ಬಂದ ನೀರು ಹೋಗೋಕೆ ದಾರಿ ಇಲ್ಲ." ಹಳೆಯ ಅಂಟನ್ನು ಕೆದಕಿ ತೆಗೆದಳು. ಮೂಗಿಗೆ ಕೂರಿಸುವ, ಗಾಳಿ ಬಿಟ್ಟು ನೀರು ಬಿಡದ ಸಣ್ಣ ಬಟ್ಟೆಯ ಬಿಲ್ಲೆ ಅಂಗಡಿಯಲ್ಲಿ ಮುಗಿದಿತ್ತು. "ತಂದ್ಬಿಡ್ತೀನಿ. ಅಷ್ಟ್ರಲ್ಲಿ ಗಾಳಿ ಬಿಟ್ಟು ಒಣಗಿಸಿ. ದೂರ ಹಿಡ್ಕೊಂಡು ಬಿಡಿ" ಎಂದು ಚಪ್ಪಲಿ ಮೆಟ್ಟಿಕೊಂಡು ಬಿಡಿಭಾಗದ ಅಂಗಡಿಗೆ ಹೊರಟಳು.

ಅವನು ಒಬ್ಬನೇ ಆದ. ಬಿಸಿಗಾಳಿಯ ಮೆಷಿನನ್ನು ದೂರ ಹಿಡಿದು ಬಿಟ್ಟ. ಬಾಯಿ ತೆರೆದ ದೀಪವನ್ನು ಇಷ್ಟು ಹತ್ತಿರದಿಂದ, ಅವಳಿಲ್ಲದೆ, ನೋಡುತ್ತಿದ್ದದ್ದು ಇದೇ ಮೊದಲು. ಬೆಳ್ಳಿ ಒಂದೇ ಬಟ್ಟಲಲ್ಲ, ಚೂರು ಚೂರು ಮಡಿಕೆಗಳು. ಒಂದೊಂದರಲ್ಲೂ ಒಂದೊಂದು ಟ್ಯೂಬ್‌ಲೈಟು, ಒಂದೊಂದು ಪರದೆ, ಒಂದೊಂದು ಅವನು. ಅಷ್ಟೊಂದು ಮುಖಗಳು ಒಟ್ಟಿಗೇ ಅವನನ್ನು ನೋಡಿದವು. ಮದುವೆಯಾದ ಹೊಸದರಲ್ಲಿ ಬಸ್ಸಿನಲ್ಲಿ ಹೋಗುವಾಗ ಕಿಟಕಿಗೆಲ್ಲ ಮಂಜು ಹಿಡಿದಿತ್ತು. ಅವನು ಬೆರಳಿನಿಂದ ಏನೇನೋ ಗೀಚಿದ, ಹೂವು, ಮುಖ, ತನ್ನ ಹೆಸರು. ಅವಳನ್ನು ನಗಿಸಬೇಕಿತ್ತು. ಅವಳು ಎಲ್ಲವನ್ನೂ ನೋಡಿ ನಕ್ಕು, ತನ್ನ ಭಾಗದ ಗಾಜಿನಲ್ಲಿ ಕಿರುಬೆರಳಿನಿಂದ ಒಂದು ಕಣ್ಣಿನಷ್ಟು ಜಾಗ ಒರೆಸಿ, ಅಲ್ಲಿಂದ ರಸ್ತೆ ನೋಡುತ್ತಾ ಕೂತಳು. ಅವನ ಹೂವು, ಹೆಸರು ಎಲ್ಲ ಇಳಿದು ಹೋದವು. ಅವಳ ರಂಧ್ರ ಮಾತ್ರ, ಅವಳು ಆಗಾಗ ಒರೆಸುತ್ತಿದ್ದದ್ದರಿಂದ, ಊರು ಬರುವ ತನಕ ಇತ್ತು. ಇವಳಿಗೆ ನೋಡುವುದಷ್ಟೇ ಸಾಕು, ತನಗೆ ಕಾಣಿಸಿಕೊಳ್ಳಬೇಕು ಎಂದು ಆಗಲೇ ಹೊಳೆದಿತ್ತು. ಹೊಳೆದದ್ದನ್ನು ಅವನು ಒಂದು ಒಳ್ಳೆಯ ಮಾತಾಗಿ ಮಾಡಿ ಗೆಳೆಯರ ಮುಂದೆ ಹೇಳಿ ಮೆಚ್ಚುಗೆ ಪಡೆದಿದ್ದ. ಮೆಷಿನಿನ ಗಾಳಿಗೆ ಮೇಲಂಚಿನಿಂದ ಒಂದು ಹನಿ ಕಳಚಿ ಬೆಳ್ಳಿಯ ಮೇಲೆ ಇಳಿಯತೊಡಗಿತು. ನಿಧಾನಕ್ಕೆ, ಹಿಂದೆ ಗೆರೆ ಬಿಡುತ್ತಾ, ಕೆನ್ನೆಯ ಮೇಲೆ ಇಳಿಯುವ ಹಾಗೆ. ಅವನ ಬಲಗೈ ತಾನಾಗಿ ಹೋಯಿತು. ಗವಸು ಯಾವಾಗ ಬಿಚ್ಚಿದ್ದನೋ. ಹೆಬ್ಬೆರಳಿನಿಂದ ಒಂದೇ ಸಲ, ಮೃದುವಾಗಿ, ಒರೆಸಿದ.

ಒರೆಸಿದ ಕೂಡಲೇ ಗೊತ್ತಾಯಿತು. ಹನಿ ಹೋಗಿತ್ತು, ಅದರ ಜೊತೆ ಬೆಳ್ಳಿಯೂ ಹೋಗಿತ್ತು. ಒಂದು ಮಡಿಕೆಯಲ್ಲಿ ಬಾದಾಮಿಯಷ್ಟು ಜಾಗ ಮಂಕಾಗಿತ್ತು. ಬಗ್ಗಿ ನೋಡಿದರೆ ಬೆರಳಿನ ಗೆರೆಗಳೂ ಕಾಣುತ್ತಿದ್ದವು. ಹೆಬ್ಬೆಟ್ಟು ಒತ್ತುವವರ ಹಾಗೆ ಗುರುತು ಹಾಕಿಟ್ಟಿದ್ದ. ಇನ್ನೊಮ್ಮೆ ಒರೆಸಿ ಸರಿ ಮಾಡಲು ಕೈ ಹೋಯಿತು, ತಡೆದುಕೊಂಡ. ಬೆವರು ಬಂತು. ಆಮೇಲೆ ಅವನು ಮಾಡಿದ್ದನ್ನೆಲ್ಲ ಬಹಳ ಅಚ್ಚುಕಟ್ಟಾಗಿ ಮಾಡಿದ. ಹಿಂದಿನ ಯಾವ ಸಂಜೆಯೂ ಬರದಿದ್ದ ಅಚ್ಚುಕಟ್ಟು. ಬಿರುಕಿಗೆ ಅಂಟು ತುಂಬಿದ. ಅಂಚಿನ ಕಾಲುವೆಯಲ್ಲಿ ಹೊಸ ಅಂಟಿನ ಹಗ್ಗವನ್ನು ಎಲ್ಲೂ ಕಡಿಯದೆ ಸುತ್ತ ಕೂರಿಸಿದ. ಬೆಚ್ಚಗೆ ಮಾಡಿದ, ಗಾಜು ಒತ್ತಿದ, ಕೊಂಡಿಗಳನ್ನು ಒಂದೊಂದಾಗಿ ಹಾಕಿದ. ಅವಳು ಬರುವ ಮೊದಲು ಮುಚ್ಚಿಬಿಡಬೇಕು. ಮಾತು ಕಮ್ಮಿ ಮಾಡಿದ್ರೆ ಬರುತ್ತೆ ಎಂದಿದ್ದಳಲ್ಲ. ಬಾಯಿ ಮುಚ್ಚಿದ್ದರಿಂದಲೇ ಬಂತು. ಹೆದರಿಕೆಗೆ ಇಷ್ಟು ಚೆನ್ನಾದ ಕೈಯಿದೆ ಎಂದು ಅವನಿಗೆ ಗೊತ್ತಿರಲಿಲ್ಲ.

ಅವಳು ಬಂದು, ಬಿಲ್ಲೆಯನ್ನು ಮೂಗಿಗೆ ಕೂರಿಸಿ, ದೀಪವನ್ನು ಸಾಬೂನಿನ ನೀರಿನ ತೊಟ್ಟಿಗೆ ಹಿಡಿದು, ಹಿಂದಿನಿಂದ ಬಾಯಿಟ್ಟು ಊದಿದಳು. ಕೆನ್ನೆ ಉಬ್ಬಿ, ಕಣ್ಣು ಅಂಚಿನ ಮೇಲೆ ನೆಟ್ಟು. ಎಲ್ಲೂ ಗುಳ್ಳೆ ಏಳಲಿಲ್ಲ. ಮತ್ತೆ ಊದಿದಳು. ಇಲ್ಲ. ದೀಪವನ್ನು ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಸುತ್ತ ತಿರುಗಿಸಿದಳು. ಒಂದು ಕಡೆ ಅವಳ ಕೈ ನಿಂತಿತು. ಆಮೇಲೆ ಕೈ ಮುಂದೆ ಹೋಯಿತು. "ಚೆನ್ನಾಗಿ ಮುಚ್ಚಿದೀರಿ" ಎಂದು ಮೇಜಿನ ಮೇಲಿಟ್ಟು ತನ್ನ ಬೇರೆ ಕೆಲಸಕ್ಕೆ ತಿರುಗಿದಳು. ಅವಳು ಅವನ ಕೆಲಸವನ್ನು ಹೊಗಳಿದ್ದು ಅದೇ ಮೊದಲು. ಹೇಳಿಬಿಡಬೇಕು ಎಂದು ನಾಲಿಗೆಯ ತುದಿಗೆ ಬಂದದ್ದು ಆ ಹೊಗಳಿಕೆಯಿಂದಲೇ ಹಿಂದಕ್ಕೆ ಹೋಯಿತು. ಊಟಕ್ಕೆ ಕೂತಾಗ ಅವಳು ಎಂದಿನಂತೆ ಎಡಗೈಯಲ್ಲಿ ನೀರಿನ ಬಾಟಲಿ ಅವನ ಕಡೆ ಸರಿಸಿದಳು. ಆ ಕೈಯ ಮೇಲೆ ಓವನ್ನಿನ ಅಂಚು ತಾಕಿದ ಹಳೆಯ ಸುಟ್ಟ ಗೆರೆಗಳು, ಉಗುರಿನ ಸಂದಿಯಲ್ಲಿ ಏನು ಮಾಡಿದರೂ ಹೋಗದ ಕಪ್ಪು ಅಂಟು. ಅವನ ಕೈಗಳು ಸ್ವಚ್ಛವಾಗಿದ್ದವು. ಯಾವ ಗಿರಾಕಿಗೂ ಇದು ಕಾಣಲಿಲ್ಲವೇ. ಇಷ್ಟು ವರ್ಷ, ಇಷ್ಟು ಜನ, ದುಡ್ಡು ಕೊಡುವಾಗ ಅವನ ಕೈಯನ್ನೇ ನೋಡಿದವರು. ಅವರಿಗೆ ಕಂಡಿತ್ತು, ಕಂಡೂ ಒಪ್ಪಿಕೊಂಡಿದ್ದರು ಎಂದರೆ ಅದು ಇನ್ನೂ ಕೆಟ್ಟದ್ದು. ಅವನು ಕೈಯನ್ನು ಮೇಜಿನ ಕೆಳಗೆ ಇಟ್ಟುಕೊಂಡ.

ಮ್ಯಾನೇಜರು ಹೇಳಿದ ಹೊತ್ತಿಗೇ ಬಂದರು. ದೊಡ್ಡ ಹೊಟ್ಟೆಯ, ನಿಧಾನ ಮಾತಿನ ಮನುಷ್ಯ. ಹಿಂದೆ ತಾವೂ ಗ್ಯಾರೇಜಿನಲ್ಲಿ ಕಾರಿನಡಿ ಮಲಗಿದವರು ಎಂಬುದು ಅವರು ದೀಪ ಎತ್ತಿದ ರೀತಿಯಲ್ಲೇ ಕಾಣುತ್ತಿತ್ತು. ಅಂಚಿನ ಸುತ್ತ ಉಗುರು ಓಡಿಸಿದರು. ಮೂಗು ನೋಡಿದರು. "ಅಬ್ಬಾ, ಕಂಪನೀಲೂ ಹೀಗೆ ಕೂರಿಸಲ್ಲ ಡಾಕ್ಟ್ರೇ. ಕೈ ಅಂದ್ರೆ ಕೈ ನಿಮ್ದು." ಅವನು ಎಂದಿನಂತೆ ತಲೆ ತುಸು ಬಗ್ಗಿಸಿ, ಎಂದಿನಂತೆ ನಕ್ಕ. ಪರದೆಯ ಆಚೆ ಅಂಟು ಕೆರೆಯುವ ಸದ್ದು ನಿಂತಿತ್ತು. "ಹಚ್ಚಿ ನೋಡೋಣ" ಎಂದರು ಮ್ಯಾನೇಜರು. ಅವನು ಶಟರನ್ನು ಅರ್ಧ ಎಳೆದು ಕತ್ತಲು ಮಾಡಿದ. ಬೆಳಕು ನೋಡುವುದಕ್ಕೆಂದೇ ಸುಣ್ಣ ಬಳಿದಿಟ್ಟ ಪಕ್ಕದ ಗೋಡೆಗೆ ದೀಪವನ್ನು ತಿರುಗಿಸಿಟ್ಟು, ಬ್ಯಾಟರಿಗೆ ವೈರು ತಾಗಿಸಿದ.

ಗೋಡೆ ಬೆಳ್ಳಗಾಯಿತು. ಮಂಜಿಲ್ಲ, ಹನಿಯಿಲ್ಲ. ಬೆಳಕಿನ ಅಂಚು ಕತ್ತರಿಸಿಟ್ಟ ಹಾಗೆ ನೇರ. ಅದರ ಎಡಭಾಗದಲ್ಲಿ, ಕಣ್ಣಿನ ಮಟ್ಟಕ್ಕೆ, ಒಂದು ಮಸುಕು. ಬಾದಾಮಿಯಷ್ಟಿದ್ದದ್ದು ಗೋಡೆಯ ಮೇಲೆ ಅಂಗೈಯಷ್ಟಾಗಿತ್ತು. ಇದು ಇಷ್ಟು ದೊಡ್ಡದಾಗಿ ಕಾಣಬಹುದೆಂದು ಅವನು ಎಣಿಸಿರಲಿಲ್ಲ. ದೀಪದ ಕೆಲಸವೇ ಅದು, ಒಳಗಿದ್ದದ್ದನ್ನು ಹೊರಗೆ ದೊಡ್ಡದು ಮಾಡಿ ಹಾಕುವುದು. ಇಷ್ಟು ವರ್ಷ ದೀಪದಂಗಡಿ ನಡೆಸಿ ಅದೊಂದನ್ನು ಅವನು ಯೋಚಿಸಿರಲಿಲ್ಲ.

"ಅದೇನ್ರೀ ಅಲ್ಲಿ, ಮಬ್ಬು?" ಎಂದರು ಮ್ಯಾನೇಜರು. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದು.

ಅವನ ಬೆರಳು ತಾನಾಗಿ ಗಲ್ಲಕ್ಕೆ ಹೋಯಿತು. ಉತ್ತರಗಳು ಸಾಲುಗಟ್ಟಿ ನಿಂತಿದ್ದವು. ಹಿಂದೆ ಯಾರೋ ಮೂಗಿಗೆ ಅಂಟು ತುಂಬಿದ್ದರಲ್ಲ, ಅವರೇ ಒಳಗೂ ಕೈ ಹಾಕಿರಬೇಕು. ಯಾರೂ ಇಲ್ಲವೆನ್ನುವಂತಿಲ್ಲ. ಅಥವಾ ನೀರು ಬಹಳ ದಿನ ನಿಂತು ಬೆಳ್ಳಿ ತಿಂದಿದೆ. ಅದೂ ಆಗುವುದುಂಟು. ಅವನು ಯಾವುದನ್ನು ಹೇಳಲೆಂದು ಕಾಯುತ್ತಿದ್ದ. ಆಗ ಆ ಸದ್ದು ಬಂತು. ಪಟ್ಟಿ ಮೇಜಿನ ಕಾಲಿಗೆ ತಾಕಿದ ಸದ್ದು.

ಒಂದೇ ಸಲ.

ಏನಿಲ್ಲ, ತಾನಾಗಿ ಹೋಗುತ್ತದೆ, ಕಳಿಸಿಬಿಡಿ. ಅವನು ಎರಡನೆಯದಕ್ಕೆ ಕಾದ. ಬರಲಿಲ್ಲ. ಬೆಳಿಗ್ಗೆ ಟ್ಯೂಬ್‌ಲೈಟಿನ ಕೆಳಗೆ ನಿಂತಿದ್ದ ಆ ಕೈ ಈಗ ಅರ್ಥವಾಯಿತು. ಅವಳು ನೋಡಿದ್ದಳು. ನೋಡಿ, ಚೆನ್ನಾಗಿ ಮುಚ್ಚಿದೀರಿ ಎಂದಿದ್ದಳು. ಮುಚ್ಚಿದ್ದನ್ನಷ್ಟೇ ಹೊಗಳಿದ್ದಳು, ಸುಳ್ಳು ಹೇಳಿರಲಿಲ್ಲ. ಕೆಲಸದ ವಿಷಯದಲ್ಲಿ ಒಂದು ಸುಳ್ಳನ್ನೂ ಸಹಿಸದವಳು, ಒರೆಸ್ತಾಳೆ ಎಂಬ ಒಂದು ಮಾತನ್ನೂ ಸಹಿಸದವಳು, ಅಳುವ ದೀಪಕ್ಕೆ ಒಮ್ಮೆಯೂ ಬೆವರು ಎಂದು ತಟ್ಟದವಳು, ಈಗ ಅವನಿಗಾಗಿ ತಪ್ಪು ತಟ್ಟಿದ್ದಳು. ಅವನಿಗೆ ಮಾಡಿಕೊಡಬಹುದಾದ ದೊಡ್ಡ ಉಪಕಾರ ಅವಳ ಹತ್ತಿರ ಅದೊಂದೇ ಇತ್ತು, ಅದನ್ನು ಕೊಟ್ಟಿದ್ದಳು. ಕೊಡುವಾಗ ಏನಾಗಿರಬೇಕು. ಅವನು ಗೋಡೆಯ ಮಸುಕನ್ನು ನೋಡಿದ. ಈ ಅಂಗಡಿಯಲ್ಲಿ, ಇಷ್ಟು ವರ್ಷದಲ್ಲಿ, ತನ್ನ ಕೈ ಮಾಡಿದ್ದು ಎಂದು ತೋರಿಸಬಹುದಾದದ್ದು ಅದೊಂದೇ.

"ಅದು ನನ್ನ ಹೆಬ್ಬೆಟ್ಟು ಸರ್" ಎಂದ. ದನಿ ಗಟ್ಟಿಯಾಗಿರಲಿಲ್ಲ, ಮ್ಯಾನೇಜರು ಮುಂದಕ್ಕೆ ಬಗ್ಗಬೇಕಾಯಿತು. "ಇವತ್ತು ಬೆಳಿಗ್ಗೆ ಒರೆಸಿಬಿಟ್ಟೆ. ಒರೆಸಬಾರದು. ಒಳಗೆ ಯಾರೂ ಒರೆಸಲ್ಲ."

"ನೀವು? ನಿಮಗೆ ಗೊತ್ತಿಲ್ದೇ ಇರುತ್ತಾ?"

"ಗೊತ್ತಿತ್ತು. ಕೈಗೆ ಗೊತ್ತಿರಲಿಲ್ಲ. ಇಲ್ಲಿ ಬಿಚ್ಚೋದೆಲ್ಲ ಅವಳು. ಮೊದಲಿಂದಲೂ ಅವಳೇ. ಒರೆಸಿದ್ದು ಮಾತ್ರ ನಾನು."

ಹೇಳಿ ಅವನು ಪರದೆಯನ್ನು ಒಂದೇ ಎಳೆತಕ್ಕೆ ಪಕ್ಕಕ್ಕೆ ಸರಿಸಿದ. ಸರಿಸಿದ ರೀತಿಯಲ್ಲಿ ಒಂದು ನಾಟಕ ಇತ್ತು, ಅದು ಅವನಿಗೂ ಗೊತ್ತಾಯಿತು, ನಾಚಿಕೆಯೂ ಆಯಿತು. ಆಚೆ ಅವಳು ಸ್ಟೂಲಿನ ಮೇಲೆ, ಮಡಿಲಲ್ಲಿ ಬಾಯಿ ತೆರೆದ ಇನ್ನೊಂದು ದೀಪ, ಕೈಯಲ್ಲಿ ಪಟ್ಟಿ, ಮೂಗಿನ ಮೇಲೆ ಮಸಿ. ಅವಳು ಮ್ಯಾನೇಜರನ್ನು ನೋಡಲಿಲ್ಲ, ಗಂಡನನ್ನೂ ನೋಡಲಿಲ್ಲ. ಮಡಿಲ ದೀಪದ ಮೇಲೆ ಎರಡೂ ಕೈ ಅಡ್ಡ ಹಿಡಿದು, "ಪರದೆ ಹಾಕ್ರೀ! ಧೂಳು ಬರುತ್ತೆ" ಎಂದು ಗದರಿದಳು.

ಧೂಳು ನಿಜವಾಗಿಯೂ ಬರುತ್ತಿತ್ತು. ಅರ್ಧ ಎಳೆದ ಶಟರಿನ ಕೆಳಗಿನಿಂದ ಬಿಸಿಲಿನ ಪಟ್ಟೆಯಲ್ಲಿ ಕುಣಿಯುತ್ತಾ ಬರುತ್ತಿತ್ತು. ಅವನು ತಡಬಡಿಸಿ ಪರದೆ ಎಳೆದ. ಎಳೆದ ಮೇಲೆ ನೋಡಿದರೆ ತಾನು ಒಳಗಿದ್ದ.

ಹೊರಗೆ ಮ್ಯಾನೇಜರ ಕುರ್ಚಿ ಕಿರುಗುಟ್ಟಿತು. ಎದ್ದು ಹೋದರೋ, ಕೂತರೋ. ಗಾಜಿನ ಕೋಣೆ ಹೋಯಿತು, ಅಂಗಿ ಹೋಯಿತು ಎಂದು ಅವನು ಎಣಿಸಿದ. ಎಣಿಸಿದಾಗ ಅಷ್ಟೇನೂ ನೋಯಲಿಲ್ಲ, ಅದೇ ಆಶ್ಚರ್ಯ. ನಿಲ್ಲಲು ಜಾಗ ಇಲ್ಲದಷ್ಟು ಇಕ್ಕಟ್ಟು ಇಲ್ಲಿ. ಓವನ್ನಿನ ಬಿಸಿ ಬೆನ್ನಿಗೆ ತಾಗುತ್ತಿತ್ತು. ಇಷ್ಟು ಬಿಸಿಯಲ್ಲಿ ಅವಳು ದಿನವೆಲ್ಲ ಕೂರುತ್ತಾಳೆ. ಅವಳು ಅವನ ಕಡೆ ತಿರುಗದೆ, ತುಟಿ ಮಾತ್ರ ಆಡಿಸುತ್ತಾ, "ಒಂದು ತಟ್ಟಿದ್ನಲ್ಲ" ಎಂದಳು.

"ಕೇಳಿಸ್ತು."

"ಮತ್ತೆ?"

"ಅದು ಬೆವರಲ್ಲ" ಎಂದ.

ಅವಳು ಅವನನ್ನು ನೋಡಿದಳು. ಹಳೆಯ ದೀಪಗಳನ್ನು ಬಿಚ್ಚಿಸುವಾಗ, ಅವನು ಅಪರೂಪಕ್ಕೆ ಸರಿಯಾದ ಮೂಲೆಯಿಂದ ಶುರು ಮಾಡಿದರೆ ನೋಡುತ್ತಿದ್ದ ನೋಟ ಅದು.

ಆಗ ಹೊರಗಿನಿಂದ ಮ್ಯಾನೇಜರ ದನಿ ಬಂತು. ಯಾರೂ ಇಲ್ಲದ ಕೌಂಟರಿಗೆ ಮಾತಾಡುವುದು ಹೇಗೆಂದು ತಿಳಿಯದೆ ತುಸು ಕೆಮ್ಮಿ ಶುರು ಮಾಡಿದರು. "ನೋಡಿ... ನನ್ನ ಸ್ವಂತ ಗಾಡಿ ಹೊರಗೆ ನಿಂತಿದೆ. ಅದಕ್ಕೂ ದಿನಾ ಬೆಳಿಗ್ಗೆ ಮಂಜು. ಮೇಲ್ಗಡೆ ಮಾತ್ರ, ಕೆಳಗೆ ನೀರಿಲ್ಲ. ಗಾಡಿ ಓಡಿಸಿದ ಮೇಲೆ ಹೋಗ್ಬಿಡುತ್ತೆ. ಬಿಚ್ಚಬೇಕಾ ಅದನ್ನ?" ಯಾರನ್ನು ಕೇಳುತ್ತಿದ್ದೇನೆಂದು ಅವರು ಹೇಳಲಿಲ್ಲ. ಕೇಳಿ ಕಾದರು.

ಅವಳ ಕೈ ರೂಢಿಯಂತೆ ಪಟ್ಟಿಯನ್ನು ಮೇಜಿನ ಕಾಲಿಗೆ ಒಯ್ದಿತು. ಅವನು ಬಗ್ಗಿ ಆ ಪಟ್ಟಿಯ ಇನ್ನೊಂದು ತುದಿ ಹಿಡಿದುಕೊಂಡ. ಅವಳು ಎಳೆದಳು, ಅವನು ಬಿಡಲಿಲ್ಲ. ಬಿಡ್ರೀ ಎಂದು ಕಣ್ಣಲ್ಲೇ ಸಿಡುಕಿದಳು. ಅವನು ಬಿಡದೆ ಪರದೆಯ ಕಡೆ ಕಣ್ಣು ತೋರಿಸಿದ. ಅಂಟು ಅವನ ಬೆರಳುಗಳಿಗೆ ಹತ್ತಿಕೊಂಡಿತು. ಹೊರಗೆ ಮ್ಯಾನೇಜರು ಕಾಯುತ್ತಿದ್ದರು. ಪಕ್ಕದ ಅಂಗಡಿಯಲ್ಲಿ ಟೈರಿನವನ ಸುತ್ತಿಗೆಯೂ ಯಾಕೋ ನಿಂತಿತ್ತು.

ಅವಳು ಗಂಟಲು ಸರಿಮಾಡಿಕೊಂಡಳು.

"ಬಿಚ್ಚೋದು ಬೇಡ" ಎಂದಳು ಪರದೆಯ ಕಡೆಗೆ. ಅವನು ತಿಳಿದಿದ್ದಕ್ಕಿಂತ ಅವಳ ದನಿ ಬಹಳ ದೊಡ್ಡದಾಗಿತ್ತು. "ಅದು ಬೆವರು. ದೀಪ ಹಾಕ್ಕೊಂಡು ಓಡಿಸಿ, ಹೋಗುತ್ತೆ. ಮೂಗಿಗೆ ಮಾತ್ರ ಯಾರೂ ಅಂಟು ತುಂಬದ ಹಾಗೆ ನೋಡ್ಕೊಳ್ಳಿ."